ಕತ್ತಲಲ್ಲಿ ಮರಿಯಾಗುವ ಮೀನು

ಬಾಗ್ದಾದಿನಲ್ಲಿ ಮಕ್ಕಳಿಲ್ಲದ ಗಂಡಸನ್ನು ಬೋಳು ಹೆಸರಿನಿಂದ ಕರೆಯುವುದಿಲ್ಲ. ಅವನಿಗೂ ಒಂದು ಮರ್ಯಾದೆ ಇಟ್ಟಿದ್ದಾರೆ: ಅಬೂ ಗಾಯಿಬ್. ಅಂದರೆ, ಇನ್ನೂ ಬಾರದವನ ಅಪ್ಪ. ಬಾಬ್ ಅಲ್-ಶೇಖ್ ಕೇರಿಯ ಮಿದ್‌ಹತ್‌ನಿಗೆ ಅರವತ್ಮೂರು ತುಂಬಿದರೂ ಅದೇ ಹೆಸರು. ಅವನ ಹೆಂಡತಿ ನಜೀಬಾ, ಉಮ್ ಗಾಯಿಬ್. ಬರಬೇಕಾದವನು ಮೂವತ್ತೈದು ವರ್ಷವಾದರೂ ಬರಲಿಲ್ಲ. ಒಮ್ಮೆ ಡಾಕ್ಟರು ಗಂಡ ಹೆಂಡತಿ ಇಬ್ಬರೂ ಬನ್ನಿ ಅಂದಿದ್ದರಂತೆ. ಮಿದ್‌ಹತ್ ಹೆಂಡತಿಯನ್ನು ಕಳಿಸಿದ, ತಾನು ಹೋಗಲಿಲ್ಲ. ಆ ಮಾತು ಅಲ್ಲಿಗೆ ಮುಗಿಯಿತು.

ಅವನು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದವನು. ಸೀಸೆ ತೊಳೆಯುವುದು, ಆಸಿಡ್ ಅಳೆದು ಕೊಡುವುದು, ಮಕ್ಕಳು ಒಡೆದದ್ದನ್ನು ಗುಡಿಸುವುದು. ಕೆಲಸ ಬಿಟ್ಟಮೇಲೆ ಕೈ ಸುಮ್ಮನೆ ಇರಲಿಲ್ಲ. ಒಡೆದ ಕಿಟಕಿಗಳ ಗಾಜು ತಂದು, ಕತ್ತರಿಸಿ, ಅಂಟಿಸಿ, ಮೀನಿನ ತೊಟ್ಟಿ ಮಾಡಿದ. ನಮ್ಮೂರಲ್ಲಿ ಒಡೆದ ಕಿಟಕಿಗೆ ಆಗ ಬರ ಇರಲಿಲ್ಲ ನೋಡಿ. ಒಂದು ಎರಡಾಯಿತು, ಎರಡು ಹನ್ನೊಂದಾಯಿತು. ಹಜಾರದ ಗೋಡೆ ತುಂಬ ತೊಟ್ಟಿ. ಕರೆಂಟು ಹೋದಾಗ ಜನರೇಟರಿನವನ ದಾರಿ ಕಾಯದೆ ತಾನೇ ಲಾರಿ ಬ್ಯಾಟರಿಗೆ ಗಾಳಿ ಪಂಪು ಕಟ್ಟಿ ಇಟ್ಟಿದ್ದ. ಮನೆಯ ದೀಪ ಆರಿದರೂ ಗುಳುಗುಳು ಸದ್ದು ಆರುತ್ತಿರಲಿಲ್ಲ.

ಗಪ್ಪಿ, ಮೊಲ್ಲಿ ಮೀನುಗಳಿಗೆ ಯಾರ ಬಾಣಂತನವೂ ಬೇಡ. ಅವು ತಮ್ಮಷ್ಟಕ್ಕೆ ಮರಿ ಹಾಕುತ್ತವೆ. ಶುಕ್ರವಾರ ಬೆಳಗ್ಗೆ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ ಕಟ್ಟಿಕೊಂಡು ಪ್ರಾಣಿ ಪಕ್ಷಿ ಮಾರುವ ಗಝ್ಲ್ ಸಂತೆಗೆ ಹೋಗಿ ಮಾರಿ ಬರುತ್ತಿದ್ದ. ಆದರೆ ಗಪ್ಪಿ ಮರಿ ಮಾಡಿಸಿದೆ ಅಂತ ಸಂತೆಯಲ್ಲಿ ಎದೆ ಉಬ್ಬಿಸುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಮೀಸೆ ತಿರುವಬೇಕಾದರೆ ನಿಯಾನ್ ಮೀನನ್ನು ಮರಿ ಮಾಡಿಸಬೇಕು.

ನಿಯಾನ್ ಅಂದರೆ ಕಿರುಬೆರಳಿನ ಅರ್ಧದಷ್ಟು ಮೀನು. ಮೈಮೇಲೆ ನೀಲಿ ಗೆರೆ, ಅದರ ಕೆಳಗೆ ಕೆಂಪು. ಅಷ್ಟು ಪುಟ್ಟದಾದರೂ ಅದರ ನಖರಾ ಮದುಮಗಳಿಗೂ ಇಲ್ಲ. ನಲ್ಲಿಯ ಗಡಸು ನೀರು ಆಗದು, ಮಳೆಯ ನೀರೇ ಬೇಕು. ಮಿದ್‌ಹತ್ ಚಳಿಗಾಲದ ನಾಲ್ಕು ಹನಿ ಮಳೆಗೆ ಮಾಳಿಗೆಯ ತುಂಬ ಪಾತ್ರೆ ಹರಡಿ ಇಡುತ್ತಿದ್ದ. ಎಲ್ಲಕ್ಕಿಂತ ದೊಡ್ಡದು ಕತ್ತಲು. ನಿಯಾನಿನ ಮೊಟ್ಟೆ ರವೆಯ ಕಾಳಿಗಿಂತ ಚಿಕ್ಕದು, ಗಾಜಿನ ಹಾಗೆ ತಿಳಿ. ಬೆಳಕು ಮುಟ್ಟಿತೋ, ಬೆಳ್ಳಗಾಗಿ ಸತ್ತು ಬೂಸ್ಟು ಹಿಡಿಯುತ್ತದೆ. ಜೋಡಿಯನ್ನು ಬಿಟ್ಟಮೇಲೆ ನಾಲ್ಕೈದು ದಿನ ತೊಟ್ಟಿಯನ್ನು ಮುಚ್ಚಿಟ್ಟು ಮರೆತುಬಿಡಬೇಕು. ಅದಕ್ಕಾಗಿ ಅವನು ಕಿಟಕಿಯಿಲ್ಲದ ಉಗ್ರಾಣದಲ್ಲಿ, ಅಕ್ಕಿ, ಹಿಟ್ಟಿನ ಮೂಟೆಗಳ ಪಕ್ಕದಲ್ಲಿ, ಒಂದು ಸಣ್ಣ ತೊಟ್ಟಿ ಇಟ್ಟು, ತಳದಲ್ಲಿ ಬಲೆ ಹಾಸಿ, ಮೇಲೆ ಹಳೇ ಕಂಬಳಿ ಹೊದಿಸುತ್ತಿದ್ದ. ಮೊಟ್ಟೆಗಳು ಬಲೆಯ ಕಣ್ಣಿನಿಂದ ಕೆಳಗೆ ಬೀಳುತ್ತವೆ, ತಾಯಿ ಮೀನಿಗೆ ತಿನ್ನಲು ಸಿಗುವುದಿಲ್ಲ.

ಒಂಬತ್ತು ವರ್ಷ ಹೀಗೆ ಮಾಡಿದ. ಒಂಬತ್ತು ವರ್ಷವೂ ಮೊಟ್ಟೆ ಬೆಳ್ಳಗಾಯಿತು.

ಉಗ್ರಾಣಕ್ಕೆ ಅವನ ಹೊರತು ಹೋಗುವವಳು ನಜೀಬಾ ಒಬ್ಬಳೇ.

"ದೀಪ ಹಾಕಿದೆ ನೀನು."

"ಹಾಕಿಲ್ಲ. ಕತ್ತಲಲ್ಲೇ ತಡಕಿ ಅಕ್ಕಿ ತಂದೆ. ಇಲ್ಲಿ ನೋಡು ಮೊಣಕಾಲು, ಮೂಟೆಗೆ ತಾಗಿ ಬದನೆಕಾಯಿ ಥರ ಆಗಿದೆ."

"ಕಂಬಳಿ ಎತ್ತಿ ನೋಡಿದೆ."

"ನಿನ್ನ ಮೀನಿನ ಹೆರಿಗೆ ನೋಡಿ ನನಗೇನಾಗಬೇಕು, ಅಬೂ ಗಾಯಿಬ್?"

"ಹಾಗಾದರೆ ಮೊಟ್ಟೆ ತಾವೇ ಸತ್ತವಾ?"

ಇದಕ್ಕೆ ಅವಳು ಉತ್ತರ ಕೊಡುತ್ತಿರಲಿಲ್ಲ. ಒಣ ನಿಂಬೆಯ ಚಹಾ ಕಾಸಿ ತಂದು ಮುಂದೆ ಇಡುತ್ತಿದ್ದಳು. ಉತ್ತರ ಇಲ್ಲ ಅಂದರೆ ಒಪ್ಪಿಕೊಂಡ ಹಾಗೆ ಅಂತ ಇವನು ತಿಳಿದ.

ಮನೆಯ ಜಗಳ ಮನೆಯಲ್ಲೇ ಉಳಿದಿದ್ದರೆ ಬೇರೆ ಮಾತು. ಗಝ್ಲ್ ಸಂತೆಯಲ್ಲಿ ಮಿದ್‌ಹತ್‌ನ ಪಕ್ಕದ ಅಂಗಡಿ ಹಾತಿಮ್‌ನದು. ನೀರಿನ ಗಿಡ, ಗಾಳಿ ಪಂಪು ಮಾರುವ ದಪ್ಪ ಮನುಷ್ಯ, ನಗಿಸದೆ ಇದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಪ್ರತಿ ಶುಕ್ರವಾರ ಅವನು ದೂರದಿಂದಲೇ ಕೂಗುತ್ತಿದ್ದ:

"ಏನಪ್ಪ ಅಬೂ ಗಾಯಿಬ್, ಈ ವಾರ ಸರ್ಕಾರ ಏನು ಮಾಡ್ತು?"

ಸರ್ಕಾರ ಅಂದರೆ ನಮ್ಮಲ್ಲಿ ಹೆಂಡತಿ.

"ಇನ್ನೂರು ಜನಕ್ಕೆ ಮರಣದಂಡನೆ. ವಿಚಾರಣೆಯೂ ಇಲ್ಲ."

ಪಾರಿವಾಳದವರು, ಬುಲ್‌ಬುಲ್‌ನವರು, ನಾಯಿ ಮರಿ ಹಿಡಿದು ನಿಂತವರು, ಎಲ್ಲರೂ ನಗುತ್ತಿದ್ದರು. ಅದು ಸಂತೆಯ ಒಂದು ವಾಡಿಕೆಯೇ ಆಯಿತು. ಒಂದು ದಿನ ನಜೀಬಾ ತರಕಾರಿ ತಂದು ಕೆಳಗಿಡುತ್ತಾ ಅಂದಳು, "ಈರುಳ್ಳಿ ಮಾರೋನೂ ಕೇಳಿದ, ಮೀನು ಕೊಲ್ಲೋಳು ನೀನೇನಾ ತಾಯಿ ಅಂತ."

ಮಿದ್‌ಹತ್‌ನಿಗೆ ನಗು ತಡೆಯಲಿಲ್ಲ. "ನೀನೇನಂದೆ?"

"ಅರ್ಧ ಕಿಲೋ ಕೊಡು ಅಂದೆ."

*

ಒಂಬತ್ತನೆಯ ವರ್ಷದ ಚಳಿಗಾಲದಲ್ಲಿ ನಜೀಬಾಳ ಹೃದಯ ಸೋತಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದರು. ಅವಳ ಅಕ್ಕ ಬಹೀಜಾ ನದಿಯಾಚೆಯ ಕರ್ಖ್‌ನಿಂದ ಬಂದು ತಲೆದೆಸೆಯಲ್ಲಿ ಕೂತಳು. ಒಂಬತ್ತು ಮಕ್ಕಳನ್ನು ಬೆಳೆಸಿದ ಗಟ್ಟಿಗಿತ್ತಿ, ಮಾತು ಚೂರಿ.

ಹೊರಡುವವರು ಇರುವವರ ಹತ್ತಿರ ಋಣ ಬಿಡಿಸಿಕೊಂಡು ಹೋಗಬೇಕು. ನಮ್ಮಲ್ಲಿ ಅದು ಔಷಧಿಗಿಂತ ಮುಖ್ಯ. ಒಂದು ಬೆಳಗ್ಗೆ ನಜೀಬಾ ಗಂಡನ ಕೈ ಹಿಡಿದು, "ನನ್ನಿಂದ ಏನಾದರೂ ತಪ್ಪಾಗಿದ್ದರೆ ಬಿಟ್ಟುಬಿಡು" ಅಂದಳು.

"ಬಿಟ್ಟೆ, ನನ್ನ ಕಣ್ಣೇ. ಎಲ್ಲಾ ಬಿಟ್ಟೆ."

"ಮೀನಿಂದೂ ಸೇರಿಸು."

ಅವನಿಗೆ ಎದೆ ತುಂಬಿ ಬಂತು. ಒಂಬತ್ತು ವರ್ಷದ ಮೇಲೆ ಒಪ್ಪಿಕೊಂಡಳಲ್ಲ! "ಅದನ್ನೂ ಬಿಟ್ಟೆ, ಉಮ್ ಗಾಯಿಬ್. ಒಂದು ಮೊಟ್ಟೆಯದೂ ಉಳಿಸಿಕೊಂಡಿಲ್ಲ." ತಲೆದೆಸೆಯಲ್ಲಿದ್ದ ಬಹೀಜಾ ಮೈತುಂಬ ಹೊದ್ದ ಅಬಾಯಾವನ್ನು ಸೆರಗಿನಂತೆ ಎಳೆದು ಬಾಯಿ ಮುಚ್ಚಿಕೊಂಡಳು.

ಇನ್ನು ತಾನು ಕೇಳಬೇಕು. ಕೇಳುವಷ್ಟರಲ್ಲಿ ನಜೀಬಾಳಿಗೆ ನಿದ್ದೆ ಹತ್ತಿತು. ಎದ್ದಮೇಲೆ ಕೇಳಿದರಾಯಿತು ಅಂದುಕೊಂಡ. ಹಜಾರದ ತೊಟ್ಟಿಯಲ್ಲಿ ಒಂದು ಹೆಣ್ಣು ನಿಯಾನ್ ಮೊಟ್ಟೆ ತುಂಬಿ ದುಂಡಗಾಗಿತ್ತು, ಹಿಂದಿನ ವಾರ ಬಿದ್ದ ಮಳೆಯ ನೀರೂ ಸಿದ್ಧವಿತ್ತು. ಸುಮ್ಮನೆ ಕೂತು ಏನು ಮಾಡಲಿ ಅಂತ ಜೋಡಿಯನ್ನು ಹಿಡಿದು ಉಗ್ರಾಣದ ತೊಟ್ಟಿಗೆ ಬಿಟ್ಟು, ಕಂಬಳಿ ಹೊದಿಸಿ, ಕೈ ಒರೆಸಿಕೊಂಡು ಬಂದ. ಬರುವಾಗ ಬಹೀಜಾ ತಂಗಿಯ ಕಣ್ಣು ಮುಚ್ಚುತ್ತಿದ್ದಳು.

*

ಗಂಡಸರಿಗೆ ಬೀದಿಯಲ್ಲಿ ಡೇರೆ, ಕಹಿ ಕಾಫಿ. ಮನೆಯೊಳಗೆಲ್ಲ ಹೆಂಗಸರು. ಬಹೀಜಾ ಅಧಿಕಾರ ಕೈಗೆ ತಗೊಂಡಳು. ಸಾವಿನ ಮನೆಯಲ್ಲಿ ಹೊಳೆಯುವ ವಸ್ತು ಕಣ್ಣಿಗೆ ಬೀಳಕೂಡದು. ಕನ್ನಡಿ ಮುಚ್ಚಿಸಿದಳು, ಟೀವಿ ಮುಚ್ಚಿಸಿದಳು, ಹನ್ನೊಂದು ತೊಟ್ಟಿಗೂ ಹಾಸಿಗೆಯ ಹೊದಿಕೆ ಎಳೆದಳು. ಉಗ್ರಾಣದಲ್ಲಿ ಕಂಬಳಿಯ ಕೆಳಗಿನಿಂದ ಗಾಜಿನ ಅಂಚು ಮಿಂಚಿದ್ದು ನೋಡಿ, ನಜೀಬಾಳ ಕಪ್ಪು ಅಬಾಯಾ ತಂದು ಅದರ ಮೇಲೆ ಹೊದಿಸಿ ನಾಲ್ಕು ಮೂಲೆಗೂ ಕಲ್ಲು ಹೇರಿದಳು. ಆಮೇಲೆ ಉಗ್ರಾಣದ ಬಾಗಿಲಿಗೇ ಚಾಪೆ ಹಾಕಿ ಕೂತು ಏಳು ದಿನ ಏಳಲಿಲ್ಲ.

ಮಿದ್‌ಹತ್ ಎರಡು ಸಲ ಬಾಗಿಲಿನ ತನಕ ಬಂದ.

"ಒಂದೇ ಒಂದು ಸಲ ನೋಡಿ ಹೋಗ್ತೀನಿ, ಬಹೀಜಾ."

"ಹೆಂಗಸರು ಅಳ್ತಾ ಕೂತಿರೋ ಕಡೆ ಗಂಡಸಿಗೇನು ಕೆಲಸ? ಹೋಗು, ಬೀದಿಯಲ್ಲಿ ಕೂತು ಕಾಫಿ ಕುಡಿ. ಇವಳ ಬಟ್ಟೆ ಮುಟ್ಟಿದರೆ ನನ್ನಾಣೆ."

ಎಂಟನೆಯ ದಿನ ಹೆಂಗಸರು ಚದುರಿದರು. ಬಹೀಜಾ ಅಡುಗೆಮನೆಗೆ ಹೋದಾಗ ಮಿದ್‌ಹತ್ ಅಬಾಯಾ ಎತ್ತಿದ. ಸತ್ತ ಮೀನು ತೆಗೆದು ತೊಟ್ಟಿ ತೊಳೆಯೋಣ ಅಂತ.

ಮೊದಲು ಕಂಡದ್ದು ಆ ಜೋಡಿ. ಕತ್ತಲಲ್ಲಿದ್ದ ನಿಯಾನಿಗೆ ಬಣ್ಣ ಇರುವುದಿಲ್ಲ. ನೀಲಿಯೂ ಇಲ್ಲ, ಕೆಂಪೂ ಇಲ್ಲ, ನೀರಿನಲ್ಲಿ ಉಸಿರಿನ ಹಾಗೆ ಎರಡು ಆಕಾರ. ಅವನು ಬಗ್ಗಿದ. ಬಲೆಯ ಕೆಳಗೆ, ಗಾಜಿಗೆ ಅಂಟಿಕೊಂಡು, ಕೂದಲಿನ ತುಂಡುಗಳು. ಒಂದೊಂದು ತುಂಡಿಗೂ ಎರಡೆರಡು ಕಪ್ಪು ಚುಕ್ಕಿ. ಕಣ್ಣು. ನೂರಕ್ಕೂ ಮೇಲೆ.

ಬಹೀಜಾ ಬಂದು ಅವನ ಹಿಂದೆ ನಿಂತಳು. "ಏನದು?"

"ಮರಿ."

ಅವಳು ಬಹಳ ಹೊತ್ತು ನೋಡಿದಳು. "ಸತ್ತ ಮನೆಯಲ್ಲಿ ಹುಟ್ಟು," ಅಂದಳು. "ಅವಳೇ ಬಿಟ್ಟು ಹೋಗಿದ್ದು."

ಮಿದ್‌ಹತ್ ಬೇರೆ ಯೋಚಿಸುತ್ತಿದ್ದ. ಅವಳು ಇದ್ದಾಗ ಒಂಬತ್ತು ವರ್ಷ ಇಲ್ಲ. ಅವಳು ಹೋದ ವಾರವೇ ಮರಿ. ಲೆಕ್ಕ ಇನ್ನು ಹೇಗೆ ಹಾಕಬೇಕು? ಅಳುತ್ತಲೇ ಹಾಗೆ ಯೋಚಿಸಿದ. ಅಳುತ್ತಲೇ ಯೋಚಿಸಿದ್ದರಿಂದ ಅದರಲ್ಲಿ ಕೆಟ್ಟದ್ದು ಅವನಿಗೆ ಕಾಣಲಿಲ್ಲ.

ಜೋಡಿಯನ್ನು ಬೇರೆ ಮಾಡಿದ. ಸೊಪ್ಪು ಕೊಳೆಸಿದ ನೀರಿನ ಹನಿ, ಆಮೇಲೆ ಬಟ್ಟೆಯಲ್ಲಿ ಸೋಸಿದ ಮೊಟ್ಟೆಯ ಹಳದಿ, ಹೀಗೆ ಮರಿ ಸಾಕಿದ. ಮೂರನೆಯ ಶುಕ್ರವಾರ ಸಂತೆಗೆ ಹೋದಾಗ ಹಾತಿಮ್ ಎದ್ದು ಬಂದು ಅಪ್ಪಿಕೊಂಡ, ಎರಡು ಹನಿ ಕಣ್ಣೀರೂ ಹಾಕಿದ. ಮಿದ್‌ಹತ್ ಅವನ ಕಿವಿಯಲ್ಲಿ ಹೇಳಿದ, ಆದರೆ ಸಂತೆಯಲ್ಲಿ ಕಿವಿಮಾತು ಅನ್ನುವುದು ಇಲ್ಲ:

"ನಿಯಾನ್ ಮರಿ ಆಯ್ತು. ಅವಳು ಹೋದ ವಾರವೇ."

ಹಾತಿಮ್ ತಲೆ ಅಲ್ಲಾಡಿಸಿದ. "ದೇವರು ಕ್ಷಮಿಸಲಿ ಅವಳನ್ನ. ಪುರಾವೆ ಸಿಕ್ಕಂಗಾಯ್ತಲ್ಲ."

"ಸಿಕ್ತು," ಅಂದ ಮಿದ್‌ಹತ್.

*

ನಲವತ್ತನೆಯ ದಿನ ಬಹೀಜಾ ಕನ್ನಡಿಯ ಬಟ್ಟೆ ತೆಗೆದು, ಹಲ್ವಾ ಹಂಚಿ, ತನ್ನ ಮನೆಗೆ ಹೋದಳು. ಅಬಾಯಾ ಅವನ ಕೈಗೆ ಕೊಟ್ಟಳು. "ಇಟ್ಟುಕೋ. ನಿನ್ನ ಮೀನಿಗೆ ಅದೃಷ್ಟ ತಂದಿದೆ."

ಅವನು ಎರಡನೆಯ ಜೋಡಿ ಬಿಟ್ಟ. ಅದೇ ತೊಟ್ಟಿ, ಅದೇ ಮಳೆಯ ನೀರು, ಅದೇ ಅಬಾಯಾ. ಈಗ ದೀಪ ಹಾಕುವವರು ಯಾರೂ ಇಲ್ಲ. ಐದನೆಯ ದಿನ ಅಬಾಯಾ ತೆಗೆದ. ಬಲೆಯ ಕೆಳಗೆ ಮೊಟ್ಟೆ ಬೆಳ್ಳಗೆ, ಹತ್ತಿಯ ಹಾಗೆ ಬೂಸ್ಟು.

ಮೂರನೆಯ ಜೋಡಿ. ಬೆಳ್ಳಗೆ.

ಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿದ್ದು. ಉಗ್ರಾಣಕ್ಕೆ ಕಿಟಕಿಯೇ ಇಲ್ಲ. ಆ ದಿನ ಅಬಾಯಾದ ಒಂದು ಮೂಲೆ ಮೇಲಕ್ಕೆ ಮಡಿಚಿತ್ತು, ಯಾರೋ ಬೆರಳಿನಿಂದ ಎತ್ತಿ ಬಿಟ್ಟ ಹಾಗೆ. ಮಿದ್‌ಹತ್ ಆ ಮಡಿಕೆಯನ್ನು ನೋಡುತ್ತಾ ನಿಂತ.

"ಈಗಲೂನಾ, ಮಹಾರಾಯ್ತಿ?" ಅಂದ.

ಯಾರೂ ಉತ್ತರ ಕೊಡಲಿಲ್ಲ. ಅವಳು ಬದುಕಿದ್ದಾಗಲೂ ಈ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ.

ಅಂದಿನಿಂದ ಅವನು ಕಿವಿ ತೆರೆದು ಇರತೊಡಗಿದ. ಮಧ್ಯಾಹ್ನ ಊಟವಾಗಿ ಊರೆಲ್ಲ ಮಲಗುವ ಹೊತ್ತು, ಬಿಸಿಲಿಗೆ ಹೆದರಿ ಬೀದಿಯಲ್ಲಿ ನಾಯಿ ಕೂಡ ಇಲ್ಲದ ಹೊತ್ತು, ಆಗ ನಡುಮನೆಯಲ್ಲಿ ಹೆಜ್ಜೆ ಎಳೆಯುವ ಸದ್ದು ಕೇಳುತ್ತಿತ್ತು. ಅರೆನಿದ್ದೆಯಲ್ಲಿ ಕೇಳುತ್ತಿತ್ತು, ಪೂರ್ತಿ ಎಚ್ಚರಾದರೆ ಇಲ್ಲ. ಉಗ್ರಾಣದ ಬಾಗಿಲಿನ ಕಿರ್ ಅನ್ನುವುದೂ ಕೇಳಿತು. ಒಂದು ಸಂಜೆ ಅಡುಗೆಮನೆಯಲ್ಲಿ ಒಣ ನಿಂಬೆಯ ವಾಸನೆ ಬಂತು, ಇವನು ಆ ಡಬ್ಬ ತೆಗೆದು ತಿಂಗಳಾಗಿತ್ತು.

ಹೆದರಿದನಾ ಅಂತ ಕೇಳಿದರೆ, ಮೊದಲ ಎರಡು ದಿನ ಹೆದರಿದ. ಮೂರನೆಯ ದಿನದಿಂದ ಅವನಿಗೆ ಅದು ಬೇಕಾಗತೊಡಗಿತು. ಬೆಳಗ್ಗೆ ಎದ್ದು ಅವಳನ್ನು ಬೈಯಲು ಶುರು ಮಾಡುತ್ತಿದ್ದ. "ನೋಡು, ಇವತ್ತು ಜೋಡಿ ಬಿಡ್ತಿದೀನಿ. ಕೈ ಹಿಡಿತದಲ್ಲಿರಲಿ." "ನಿನ್ನ ಅಕ್ಕ ಫೋನ್ ಮಾಡಿದ್ದಳು, ಅದೇ ಬಾಯಿ." ಚಹಾ ಮಾಡಿದರೆ ಎರಡು ಲೋಟ. ಎದುರು ಮನೆಯವರು ಯಾರೋ ಬಂದಿದ್ದಾರೆ ಅಂದುಕೊಂಡರು. ಆ ಎರಡು ತಿಂಗಳು ಅವನ ಮುಖದಲ್ಲಿ ಹೊಳಪಿತ್ತು ಅಂತ ಈಗಲೂ ಹೇಳುತ್ತಾರೆ.

ನಾಲ್ಕನೆಯ ಜೋಡಿಯೂ ಕೆಟ್ಟಿತು. ಅವನಿಗೆ ಅದರ ದುಃಖ ಇರಲಿಲ್ಲ. ಪ್ರತಿ ಬೆಳ್ಳಗಾದ ಮೊಟ್ಟೆಯೂ ಅವಳು ಬಂದು ಹೋದದ್ದಕ್ಕೆ ಗುರುತು. ಆದರೆ ಗುರುತು ಸಾಕಾಗಲಿಲ್ಲ, ಕಣ್ಣಾರೆ ಕಾಣಬೇಕು ಅನ್ನಿಸಿತು. ಅವಳ ಪಾದ ಚಿಕ್ಕದು, ಮಕ್ಕಳ ಚಪ್ಪಲಿ ಸರಿಹೋಗುತ್ತಿತ್ತು. ಆ ಪಾದದ ಅಚ್ಚು ಒಂದು ಸಿಕ್ಕರೆ ಸಾಕಿತ್ತು.

ಐದನೆಯ ಜೋಡಿ ಬಿಟ್ಟ ದಿನ, ಮೂಟೆಯಿಂದ ಹಿಟ್ಟು ತಗೊಂಡು, ಅವಳದೇ ಜರಡಿಯಲ್ಲಿ, ತೊಟ್ಟಿಯ ಮುಂದೆ ನೆಲದ ತುಂಬ ತೆಳ್ಳಗೆ ಉದುರಿಸಿದ. ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಗೆ ಬಂದು ಬಾಗಿಲು ಎಳೆದ. "ಬಾ ಈಗ," ಅಂದ.

ನಾಲ್ಕು ದಿನ ಒಳಗೆ ಹೋಗಬಾರದು ಅಂತ ನಿಶ್ಚಯ. ಎರಡನೆಯ ದಿನ ಮಾತ್ರ, ಕರೆಂಟು ಹೋಗಿ ಬಂದಾಗ, ಪಂಪು ನಿಂತಿದೆಯೋ ಏನೋ ಅಂತ ಒಂದೇ ಒಂದು ಸಲ ಹೋದ. ಅದೂ ಗೋಡೆಯ ಅಂಚಿಗೆ ಒತ್ತಿಕೊಂಡು, ಟಾರ್ಚನ್ನು ಕೈಯಲ್ಲಿ ಮುಚ್ಚಿಕೊಂಡು. ಅದು ಲೆಕ್ಕಕ್ಕಿಲ್ಲ.

ಮೂರನೆಯ ದಿನ ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಹಾಸಿಗೆಯ ಕಾಲದೆಸೆಯಲ್ಲಿ ಬಿಳಿ ಪುಡಿ ಕಂಡಿತು. ಬೆರಳಿನಲ್ಲಿ ಒತ್ತಿ ನೋಡಿದ. ಹಿಟ್ಟು.

ಅಲ್ಲಿಗೆ ಬಂದಿದ್ದಳು. ಉಗ್ರಾಣದಿಂದ ನಡೆದು ಬಂದು ಅವನ ಕಾಲ ಹತ್ತಿರ ಕೂತಿದ್ದಳು. ಮೂವತ್ತೈದು ವರ್ಷ ಚಳಿಯಲ್ಲಿ ಅವಳು ಅಲ್ಲೇ ಕೂತು ಅವನ ಪಾದ ಉಜ್ಜುತ್ತಿದ್ದದ್ದು. ಮಿದ್‌ಹತ್ ಆ ಹೊದಿಕೆಯ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟ. ಸಂಜೆಯ ತನಕ ಏಳಲಿಲ್ಲ, ಕೊಡವಲೂ ಇಲ್ಲ.

ಮಾರನೆಯ ಬೆಳಗ್ಗೆ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಉಗ್ರಾಣದ ಬಾಗಿಲು ಪೂರ್ತಿ ತೆರೆದು ದೀಪ ಹಾಕಿದ.

ಹಿಟ್ಟಿನ ಮೇಲೆ ಹೆಜ್ಜೆಗಳಿದ್ದವು. ಒಂದೆರಡಲ್ಲ, ಹೊಲದ ನಡುವೆ ಜನ ತುಳಿದ ಕಾಲುದಾರಿಯ ಹಾಗೆ ಬಾಗಿಲಿನಿಂದ ತೊಟ್ಟಿಯ ತನಕ, ತೊಟ್ಟಿಯಿಂದ ಬಾಗಿಲಿನ ತನಕ, ಒಂದರ ಮೇಲೊಂದು. ತೊಟ್ಟಿಯ ಮುಂದೆ ನಿಂತು ಬಗ್ಗಿದ ಕಡೆ ನೆಲವೇ ಕಾಣುವಷ್ಟು ತುಳಿದಿತ್ತು. ದೊಡ್ಡ ಪಾದ. ಎಡಗಾಲಿಗೆ ಮೂರೇ ಬೆರಳು.

ಮಿದ್‌ಹತ್‌ನ ಎಡಗಾಲಿನ ಎರಡು ಬೆರಳು ಉತ್ತರದ ಬೆಟ್ಟದ ಯುದ್ಧದಲ್ಲಿ, ಹಿಮದಲ್ಲಿ ಉಳಿದುಹೋಗಿದ್ದವು.

ಅವನು ಮಂಡಿ ಊರಿದ. ಮೂಲೆಯಿಂದ ಶುರು ಮಾಡಿ ಒಂದೊಂದೇ ಅಚ್ಚಿನ ಪಕ್ಕ ಗೇಣು ಇಟ್ಟು ನೋಡಿದ. ಚಿಕ್ಕದೊಂದು ಇರಲೇಬೇಕು, ಈ ದೊಡ್ಡದರ ಕೆಳಗೆ ಮುಚ್ಚಿಹೋಗಿರಬೇಕು. ಒಂದೂ ಇರಲಿಲ್ಲ. ಅವಳು ಬಂದಿರಲೇ ಇಲ್ಲ.

ಆಮೇಲೆ ಒಂದೊಂದಾಗಿ ನೆನಪಾಗತೊಡಗಿತು. ಪಂಪು ನೋಡಲು ಬಂದದ್ದು ಒಂದು. ಅದೇ ದಿನ ಊಟವಾದ ಮೇಲೆ ನಿದ್ದೆಗಣ್ಣಿನಲ್ಲಿ ಕಾಲು ತಾನಾಗಿ ಎತ್ತಿಕೊಂಡು ಬಂದದ್ದು. ಸಂಜೆ, ಸುಮ್ಮನೆ ಒಂದು ಚೂರು ಮೂಲೆ ಎತ್ತಿ ಟಾರ್ಚು ಬಿಟ್ಟದ್ದು, ಕಣ್ಣು ಮಿಟುಕಿಸುವಷ್ಟು ಹೊತ್ತು. ಮರುದಿನ ನಿದ್ದೆಗಣ್ಣಿನಲ್ಲಿ ಮತ್ತೆ. ಆ ಕಿರ್ ಸದ್ದು ಅವನು ತೆರೆದ ಬಾಗಿಲಿನದೇ. ಎಳೆದ ಹೆಜ್ಜೆ ಆ ಮೂರು ಬೆರಳಿನ ಕಾಲಿನದೇ. ಚೆನ್ನಾಗಿದ್ದಾವಾ ಅಂತ ನೋಡುವುದನ್ನು ಅವನು ಎಂದೂ ನೋಡುವುದರಲ್ಲಿ ಸೇರಿಸಿರಲಿಲ್ಲ. ಯಜಮಾನ ನೋಡುವುದು ನೋಡುವುದೇ? ಬೇರೆಯವರು ನೋಡಿದರೆ ತಾನೇ ಬೆಳಕು.

ಒಂಬತ್ತು ವರ್ಷ. ಒಂದೇ ಒಂದು ವಾರ ಬಾಗಿಲಿಗೆ ಹೆಂಗಸೊಬ್ಬಳು ಚಾಪೆ ಹಾಕಿ ಕೂತು ಅವನನ್ನು ಒಳಗೆ ಬಿಡಲಿಲ್ಲ. ಆ ವಾರ ಮರಿಯಾಯಿತು.

ಅಬಾಯಾ ಎತ್ತಿ ನೋಡಲಿಲ್ಲ ಅವನು. ಮೊಟ್ಟೆ ಬೆಳ್ಳಗಾಗಿದೆ ಅಂತ ಗೊತ್ತಿತ್ತು.

*

ಮಿನಿಬಸ್ಸು ಹಿಡಿದು ಸೇತುವೆ ದಾಟಿ ಬಹೀಜಾಳ ಮನೆಗೆ ಹೋದ. ಅವಳು ಅಂಗಳದಲ್ಲಿ ಕೂತು ದೊಡ್ಡ ತಟ್ಟೆಯ ತುಂಬ ಮಾಂಸ ತುಂಬಿದ ಕುಬ್ಬಾ ಉಂಡೆ ಕಟ್ಟುತ್ತಿದ್ದಳು. ಅವನ ಮುಖ ನೋಡಿ, "ಯಾರು ಸತ್ತರು?" ಅಂದಳು.

ಅವನು ಹಿಟ್ಟಿನ ವಿಷಯ ಹೇಳಿದ. ಒಂದನ್ನೂ ಬಿಡದೆ ಹೇಳಿದ, ಹಾಸಿಗೆಯ ಮೇಲೆ ಕೆನ್ನೆ ಇಟ್ಟದ್ದನ್ನೂ. ಬಹೀಜಾಳ ಕೈ ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಅವಳು ಒಮ್ಮೆಯೂ ಬಟ್ಟೆ ಎತ್ತಿರಲಿಲ್ಲ," ಅಂದ ಕೊನೆಗೆ.

"ಗೊತ್ತು. ನನಗೆ ಕುರಾನ್ ಮುಟ್ಟಿ ಹೇಳಿದ್ದಳು."

"ಹಾಗಾದರೆ ಕೊನೇ ದಿನ ಯಾಕೆ ಕೇಳಿದಳು? ಮೀನಿಂದೂ ಸೇರಿಸು ಅಂತ ಯಾಕೆ ಅಂದಳು?"

"ಸಾಯೋ ದಿನ ನಿನ್ನ ಜೊತೆ ಜಗಳ ಬೇಡ ಅಂತ." ಅವಳು ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ಇಟ್ಟಳು. "ಮಾಡದೇ ಇರೋದಕ್ಕೆ ಕ್ಷಮೆ ಕೇಳಿದಳು ನನ್ನ ತಂಗಿ. ನೀನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ನಾನು ಬಾಯಿ ಮುಚ್ಚಿಕೊಂಡೆ, ಇಲ್ಲದಿದ್ದರೆ ಅವಳ ಮುಂದೇನೇ ನಿನ್ನ ಮುಖಕ್ಕೆ ಉಗಿದುಬಿಡ್ತಿದ್ದೆ."

ಮಿದ್‌ಹತ್ ಅಂಗಳದ ನೆಲ ನೋಡುತ್ತಾ ಕೂತ. "ನಾನು ಅವಳ ಹತ್ತಿರ ಕೇಳಲಿಲ್ಲ, ಬಹೀಜಾ. ನಿದ್ದೆ ಹತ್ತಿತ್ತು ಅವಳಿ​ಗೆ. ನೀನು ಅಕ್ಕ, ನೀನೇ ಅವಳ ಕಡೆಯವಳು. ಅವಳ ಬದಲು ನೀನು ಬಿಟ್ಟೆ ಅನ್ನು."

"ಯಾವುದನ್ನ? ಮೊಟ್ಟೆಯದನ್ನೋ, ಇನ್ನೊಂದನ್ನೂ ಸೇರಿಸಿಯೋ?"

"ಇನ್ನೊಂದು ಯಾವುದು?"

"ಡಾಕ್ಟರು ಇಬ್ಬರನ್ನೂ ಕರೆದಿದ್ದರಲ್ಲ."

ಅಂಗಳದಲ್ಲಿ ಬಹೀಜಾಳ ಮೊಮ್ಮಗಳ ಬಟ್ಟೆ ಒಣಗುತ್ತಿತ್ತು, ಗಾಳಿಗೆ ಪಟಪಟ ಅನ್ನುತ್ತಿತ್ತು.

"ನನ್ನದಾದರೆ ಈಗಲೇ ಬಿಡ್ತಿದ್ದೆ, ಮಿದ್‌ಹತ್," ಅಂದಳು ಬಹೀಜಾ, ಈಗ ದನಿ ಸ್ವಲ್ಪ ಇಳಿದಿತ್ತು. "ಇದು ನನ್ನದಲ್ಲ. ನನ್ನ ಕೈಲಿ ಇಲ್ಲದ್ದನ್ನ ಹೇಗೆ ಕೊಡಲಿ? ಅವಳ ಹೆಸರನ್ನ ಎಲ್ಲಿ ಹಾಳು ಮಾಡಿದೆಯೋ ಅಲ್ಲಿ ಹೋಗಿ ಹೇಳು. ಅಷ್ಟು ನಿನ್ನ ಕೈಲಿದೆ. ಇರು, ಕುಬ್ಬಾ ತಿಂದು ಹೋಗು. ಬೆಳಗ್ಗೆಯಿಂದ ತಿಂದಿಲ್ಲ ನೀನು, ಗೊತ್ತಾಗುತ್ತೆ."

ತಿಂದ. ಕೊಟ್ಟಷ್ಟನ್ನೂ ತಿಂದ, ಅವಳು ನೋಡುತ್ತಾ ನಿಂತಿದ್ದಳಲ್ಲ.

*

ಶುಕ್ರವಾರ ಗಝ್ಲ್ ಸಂತೆ ಕಿಕ್ಕಿರಿದಿತ್ತು. ಸಾವಿನ ವಾರ ಹುಟ್ಟಿದ ನಿಯಾನ್‌ಗಳು ಬೆಳೆದು ಬಣ್ಣ ಹಿಡಿದಿದ್ದವು, ಅವನ್ನು ಚೀಲಗಳಲ್ಲಿ ಕಟ್ಟಿ ತಂದಿದ್ದ. ಬಿಸಿಲಿಗೆ ಚೀಲಗಳೆಲ್ಲ ನೀಲಿ ಕಿಡಿ. ಸಂತೆಯವರು ಬಗ್ಗಿ ಬಗ್ಗಿ ನೋಡಿದರು. ಬಾಗ್ದಾದಿನಲ್ಲಿ ಹುಟ್ಟಿದ ನಿಯಾನ್!

"ಬಂದಪ್ಪ ಗಂಡು!" ಹಾತಿಮ್ ಕೂಗಿದ. "ಸರ್ಕಾರ ಬಿದ್ದ ಮೇಲೆ ನೋಡಿ, ರಾಜ್ಯ ಹೇಗೆ ಉದ್ಧಾರ ಆಯ್ತು!"

ನಕ್ಕರು. ಮಿದ್‌ಹತ್ ಚೀಲಗಳನ್ನು ಕೆಳಗಿಟ್ಟ.

"ಹಾತಿಮ್. ಮೊಟ್ಟೆ ಕೊಲ್ಲುತ್ತಿದ್ದದ್ದು ನಾನು. ಮೊದಲಿನಿಂದಲೂ ನಾನೇ. ನಜೀಬಾ ಒಂದು ದಿನವೂ ಬಟ್ಟೆ ಎತ್ತಲಿಲ್ಲ."

ಹಾತಿಮ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿದ್ರಾ? ಸತ್ತ ಮೇಲೂ ಹೆಂಡ್ತಿಗೆ ಹೆದರ್ತಾನೆ!" ಪಾರಿವಾಳದವರು ನಕ್ಕರು, ಬುಲ್‌ಬುಲ್‌ನವರು ನಕ್ಕರು. ಒಂಬತ್ತು ವರ್ಷದ ರೂಢಿ ನೋಡಿ, ಮಿದ್‌ಹತ್‌ನ ಬಾಯಿಯೂ ನಗುವಿಗೆ ತೆರೆದುಕೊಂಡಿತು. ಅದನ್ನು ಅವನು ಕೈಯಿಂದ ಮುಚ್ಚಿಕೊಂಡ.

"ತಮಾಷೆ ಅಲ್ಲ," ಅಂದ.

ಅದಕ್ಕೆ ಇನ್ನೂ ನಕ್ಕರು.

ಅವನು ಅಂಗಡಿಯಿಂದ ಅಂಗಡಿಗೆ ಹೋದ. ಹಾವು ಮಾರುವವನಿಗೆ ಹೇಳಿದ, ಗಿಳಿಯವನಿಗೆ ಹೇಳಿದ, ಚಹಾದವನಿಗೆ ಹೇಳಿದ. ಕೆಲವರು "ಆಯ್ತು ಬಿಡಪ್ಪ" ಅಂದರು, ಕೆಲವರು "ದೇವರು ಅವಳಿಗೆ ಸ್ವರ್ಗ ಕೊಡಲಿ" ಅಂದರು. ಹೆಚ್ಚಿನವರಿಗೆ ನಗೆಮಾತು ನೆನಪಿತ್ತು, ಹೆಂಗಸಿನ ಹೆಸರು ನೆನಪಿರಲಿಲ್ಲ. ಹೊತ್ತು ಏರಿದ ಮೇಲೆ ಹಾತಿಮ್ ಮಾತ್ರ ನಗುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಾ ಕೂತಿದ್ದ. ಕೊನೆಗೆ ಒಂದು ಲೋಟ ಚಹಾ ತಂದು ಕೈಗಿಟ್ಟು, ತನ್ನ ಜಾಗಕ್ಕೆ ಹೋದ.

ಈಗ ಎರಡು ವರ್ಷವಾಯಿತು. ಉಗ್ರಾಣದ ತೊಟ್ಟಿ ಒಣಗಿದೆ, ಹೊಸ ಜೋಡಿ ಬಿಡುವುದಿಲ್ಲ ಅವನು. ಮಧ್ಯಾಹ್ನ ಮಲಗುವಾಗ ಕಾಲಿಗೆ ಒಂದು ದಾರ ಕಟ್ಟಿ ಮಂಚಕ್ಕೆ ಬಿಗಿದುಕೊಳ್ಳುತ್ತಾನೆ. ಮನೆಯಲ್ಲಿ ಈಗ ಹೆಜ್ಜೆ ಸದ್ದಿಲ್ಲ. ಕಿವಿ ಮಾತ್ರ ಕೇಳಿಸಿಕೊಳ್ಳುವುದನ್ನು ಬಿಟ್ಟಿಲ್ಲ.

ಶುಕ್ರವಾರ ಗಪ್ಪಿ ತರುತ್ತಾನೆ. ಹೋದ ವಾರ ಒಬ್ಬ ದಪ್ಪ ಗಿರಾಕಿ, ಮಗಳಿಗೆ ಕೊಡಲು ಅಂತ, ಕೆಂಪು ಬಾಲದ ಜೋಡಿ ಆರಿಸಿದ. ಮಿದ್‌ಹತ್ ಚೀಲ ಕಟ್ಟಿದ, ಗಂಟು ಬಿಗಿದ, ಆದರೆ ಕೊಡಲಿಲ್ಲ.

"ನನ್ನ ಹೆಂಡತಿ ನಜೀಬಾ ಅಂತ," ಅಂದ. "ಅವಳ ಮೇಲೆ ನಾನೊಂದು ಸುಳ್ಳು ಹೊರಿಸಿದ್ದೆ."

ಗಿರಾಕಿ ಅತ್ತಿತ್ತ ನೋಡಿದ. "ನಾನು ಅವರನ್ನ ನೋಡೇ ಇಲ್ಲವಲ್ಲ, ಚಿಕ್ಕಪ್ಪ. ನನಗ್ಯಾಕೆ? ಮೀನು ಕೊಡಿ, ಕಾರು ಬಿಸಿಲಲ್ಲಿದೆ."

"ಕೊಡ್ತೀನಿ," ಅಂದ ಮಿದ್‌ಹತ್, ಚೀಲವನ್ನು ಎದೆಗೆ ಒತ್ತಿಕೊಂಡು. "ಮೊದಲು ಇದಿಷ್ಟು ಕೇಳಿಸಿಕೊಳ್ಳಪ್ಪ."